ಒಬ್ಬೊಬ್ಬರಿಗೆ ಒಂದೊಂದು

ನಂಜನಗೂಡಿನಲ್ಲಿ ಪಿಜ್ಜಾ ಸಿಗುತ್ತದೆ ಎಂಬ ಸುದ್ದಿಯನ್ನು ಸ್ಟಾಫ್ ರೂಮಿಗೆ ತಂದವಳು ಮ್ಯಾತ್ಸ್ ಮಿಸ್. ರೈಲ್ವೆ ಸ್ಟೇಷನ್ನಿನಿಂದ ಕಾಲೇಜಿಗೆ ನಡೆದು ಬರುವ ದಾರಿಯಲ್ಲಿ ಒಂದು ಬೇಕರಿ ಇತ್ತು. ಆ ಬೇಕರಿಯವನು ಪಕ್ಕದ ಸೈಕಲ್ ಅಂಗಡಿಯ ಜಾಗವನ್ನೂ ಹಿಡಿದು, ನಡುವಿನ ಗೋಡೆ ಒಡೆಸಿ, ನಾಲ್ಕು ಮೇಜು ಹಾಕಿದ್ದ. ಹೊರಗೆ ಹೊಸ ಫ್ಲೆಕ್ಸ್ ಬೋರ್ಡು: ‘ಬಿಸಿ ಬಿಸಿ ಪಿಜ್ಜಾ ದೊರೆಯುತ್ತದೆ. ಮೊಟ್ಟೆ ಹಾಕುವುದಿಲ್ಲ.’ ಎರಡನೆಯ ವಾಕ್ಯ ಮೊದಲನೆಯದಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು.

‘ಈ ಶನಿವಾರ ಹೋಗೋದೇ,’ ಅಂದಳು ಅವಳು. ‘ಮೈಸೂರಲ್ಲಿ ನಮ್ಮತ್ತಿಗೆ ತಿಂದು ಬಂದು ಒಂದು ವಾರ ಅದನ್ನೇ ಹೇಳಿದ್ಲು. ನಾನೂ ಹೋಗಿ ಹೇಳ್ಬೇಕು.’

ನಾವು ಮೂವರೂ ಒಂದೇ ವರ್ಷ ಆ ಖಾಸಗಿ ಪಿಯು ಕಾಲೇಜಿಗೆ ಸೇರಿದವರು. ಅದು ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು. ಹುಡುಗರು ನಮ್ಮನ್ನು ಪಾಠದ ಹೆಸರಿನಿಂದ ಕರೆಯುತ್ತಿದ್ದರು. ನಾವೂ ಮೊದಮೊದಲು ತಮಾಷೆಗೆ ಶುರು ಮಾಡಿ ಅದನ್ನೇ ರೂಢಿ ಮಾಡಿಕೊಂಡಿದ್ದೆವು. ಮ್ಯಾತ್ಸ್ ಮಿಸ್ ಮಳವಳ್ಳಿ ಕಡೆಯ ಗೌಡರ ಮಗಳು. ಮೈಸೂರಿನಲ್ಲಿ ಅಣ್ಣ ಅತ್ತಿಗೆಯ ಮನೆಯಲ್ಲಿದ್ದು ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಕಾಮರ್ಸ್ ಮಿಸ್ ಚಿಕ್ಕಯ್ಯನಛತ್ರದವಳು, ಲಿಂಗಾಯತರ ಹುಡುಗಿ. ಅವಳಪ್ಪನಿಗೆ ಗದ್ದೆ, ಮನೆ ಹಿಂದೆ ನಾಲ್ಕು ಹಸು. ಕೆಮಿಸ್ಟ್ರಿ ನಾನು. ನಮ್ಮ ಮನೆ ಸೋಸಲೆಯಲ್ಲಿ. ಬೆಳಿಗ್ಗೆ ಅಲ್ಲಿಂದ ನರಸೀಪುರಕ್ಕೆ ಒಂದು ಬಸ್ಸು, ನರಸೀಪುರದಿಂದ ನಂಜನಗೂಡಿಗೆ ಇನ್ನೊಂದು. ಸಂಜೆ ಅದೇ ಸರ್ಕಸ್ಸು ಹಿಂದುಮುಂದಾಗಿ. ಎರಡನೆಯ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದರೆ ಪುಸ್ತಕ ತೆರೆಯುತ್ತಿದ್ದೆ. ನಿಂತರೆ ಅದೂ ಇಲ್ಲ. ಲೆಕ್ಚರರ್ ಪರೀಕ್ಷೆಗೆ ಓದಬೇಕಿತ್ತು. ಮನೆಗೆ ಹೋದರೆ ಇರುವುದೊಂದೇ ನಡುಮನೆ, ಅಲ್ಲೇ ಟೀವಿ, ಅಲ್ಲೇ ಅಪ್ಪನ ಸ್ನೇಹಿತರು, ಅಲ್ಲೇ ನನ್ನ ಹಾಸಿಗೆ.

ಹಾಗಾಗಿ ಆ ಶನಿವಾರದ ಬಗ್ಗೆ ನನಗಿದ್ದ ತಹತಹಕ್ಕೂ ಪಿಜ್ಜಾಕ್ಕೂ ಸಂಬಂಧವಿರಲಿಲ್ಲ. ಪಿಜ್ಜಾ ತಿಂದ ಮೇಲೆ ಮನೆ ನೋಡಲು ಹೋಗುವುದಿತ್ತು.

ಮನೆ ಕಾಮರ್ಸ್ ಮಿಸ್‌ನ ದೊಡ್ಡಮ್ಮನದು. ನಂಜನಗೂಡಿನಲ್ಲೇ, ಕಾಲೇಜಿಗೆ ಕಾಲುನಡಿಗೆಯ ದಾರಿ. ದೊಡ್ಡಪ್ಪ ಅಕ್ಕಿ ಮಂಡಿ ಇಟ್ಟಿದ್ದರು. ಕೆಳಗೆ ಅವರಿದ್ದರು, ಮಹಡಿಯ ಎರಡು ಕೋಣೆ ಖಾಲಿ, ಹೊರಗಿನಿಂದ ಬೇರೆ ಮೆಟ್ಟಿಲು. ಚಿಕ್ಕಯ್ಯನಛತ್ರದ ಮನೆಯಲ್ಲಿ ವಾರಕ್ಕೊಂದು ಗಂಡಿನ ಕಡೆಯವರು ಬಂದು ಕೂರುತ್ತಿದ್ದುದರಿಂದ ಕಾಮರ್ಸ್ ಮಿಸ್‌ಗೂ ಅಲ್ಲಿಂದ ಹೊರಡಬೇಕಿತ್ತು. ಬ್ಯಾಂಕ್ ಪರೀಕ್ಷೆಗೆ ಓದಬೇಕು ಎಂದು ಅಪ್ಪನನ್ನು ಹೇಗೋ ಒಪ್ಪಿಸಿದ್ದಳು. ಅವರು ಒಪ್ಪಿದ್ದು ದೊಡ್ಡಮ್ಮನ ಮನೆಗೆ ಮಾತ್ರ. ಮ್ಯಾತ್ಸ್ ಮಿಸ್‌ಗೆ ಅತ್ತಿಗೆಯ ಕಾಟ. ಮೂವರೂ ಸೇರಿ ಹಿಡಿಯೋಣ ಎಂಬ ಮಾತು ಒಂದು ತಿಂಗಳಿನಿಂದ ನಡೆದಿತ್ತು. ಒಳಗಿನ ಕೋಣೆ ಚಿಕ್ಕದು, ಅದು ನನಗೆ ಎಂದು ಅವರಿಬ್ಬರೂ ಬಿಟ್ಟುಕೊಟ್ಟಿದ್ದರು. ಅದಕ್ಕೆ ಬಾಗಿಲಿದೆ, ಬಾಗಿಲಿಗೆ ಒಳಗಿನಿಂದ ಚಿಲಕವಿದೆ ಎಂದು ಕಾಮರ್ಸ್ ಮಿಸ್ ಹೇಳಿದ್ದಳು. ನೋಡದಿದ್ದ ಆ ಚಿಲಕ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ದೊಡ್ಡಮ್ಮ ನಮ್ಮನ್ನೊಮ್ಮೆ ನೋಡಬೇಕು ಅಂದಿದ್ದರು. ಅಷ್ಟೇ ಬಾಕಿ ಇದ್ದುದು.

ಮಧ್ಯಾಹ್ನದ ಊಟದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಸ್ಟಾಫ್ ರೂಮಿನ ಕಿಟಕಿ ಪಕ್ಕದ ಮೇಜಿನಲ್ಲಿ ಮೂವರೂ ಕೂರುತ್ತಿದ್ದೆವು. ಮ್ಯಾತ್ಸ್ ಮಿಸ್‌ಗೆ ತನ್ನ ಡಬ್ಬಿಗಿಂತ ನಮ್ಮ ಡಬ್ಬಿಗಳ ಮೇಲೇ ಕಣ್ಣು. ಕೇಳದೆಯೇ ಕೈ ಹಾಕುತ್ತಿದ್ದಳು. ಕಾಮರ್ಸ್ ಮಿಸ್ ಹಾಗಲ್ಲ. ತಾನು ತುತ್ತು ಎತ್ತುವ ಮೊದಲೇ ಚಮಚದಲ್ಲಿ ತೆಗೆದು ನಮ್ಮಿಬ್ಬರ ಮುಚ್ಚಳಕ್ಕೆ ಬಡಿಸಿಬಿಡುತ್ತಿದ್ದಳು. ಆದರೆ ನಮ್ಮ ಡಬ್ಬಿಗಳಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮ್ಯಾತ್ಸ್ ಮಿಸ್ ಒಮ್ಮೆ ಕೇಳಿಯೇಬಿಟ್ಟಳು.

‘ಏನೇ, ನಮ್ಮನೆ ಉಪ್ಸಾರು ನಿನ್ಗೆ ವಿಷಾನಾ?’

‘ನಮ್ಮಜ್ಜಿ ಮಾಡ್ಸಿದ ಅಭ್ಯಾಸ ಕಣೇ. ಲಿಂಗದೀಕ್ಷೆ ಆದಾಗಿಂದ ಎಂಜಲು ಮುಟ್ಬಾರ್ದು ಅಂತ. ಈಗ ಬಿಡ್ತೀನಿ ಅಂದ್ರೂ ಗಂಟ್ಲಲ್ಲಿ ಇಳಿಯಲ್ಲ.’

ಅದು ನಿಜವಿರಬಹುದು. ಬೇರೇನಾದರೂ ಇರಬಹುದು. ಮ್ಯಾತ್ಸ್ ಮಿಸ್‌ನ ಡಬ್ಬಿಯಿಂದಲೂ ಅವಳು ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಏನನ್ನೂ ತೀರ್ಮಾನಿಸುವಂತಿರಲಿಲ್ಲ. ನನ್ನ ಮನೆಯ ವಿಷಯ ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಅಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಎಂಬುದು ಗೊತ್ತಿತ್ತು. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ನೀಲಿ ಕೋಟಿನವರ ಪಟ ಇವೆ ಎಂಬುದು ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮುಚ್ಚಿಟ್ಟಿದ್ದೆ ಎನ್ನಲಾರೆ. ಕೇಳದ್ದನ್ನು ಹೇಳುವ ಅಭ್ಯಾಸ ನನಗೆ ಯಾವ ವಿಷಯದಲ್ಲೂ ಇಲ್ಲ. ಆದರೆ ಪ್ರತಿದಿನ ಊಟದ ಹೊತ್ತಿಗೆ ಆ ಚಮಚವನ್ನು ನೋಡುತ್ತಿದ್ದೆ.

ಶನಿವಾರ ಅರ್ಧ ದಿನ. ಬೇಕರಿಯೊಳಗೆ ಹೋದಾಗ ಮೇಜುಗಳು ಖಾಲಿ ಇದ್ದವು. ರಸ್ತೆ ಕಾಣುವಂತೆ ಬಾಗಿಲಿಗೆ ಮುಖ ಮಾಡಿ ಕೂತೆ, ಬಿಸಿಲು ಕಣ್ಣಿಗೆ ಹೊಡೆಯಿತೆಂದು ಎದ್ದು ಆಚೆ ಬದಿಗೆ ಹೋದೆ, ಅಲ್ಲಿಂದ ರಸ್ತೆ ಕಾಣುವುದಿಲ್ಲವೆಂದು ಮತ್ತೆ ಬಂದೆ.

‘ಕೂತ್ಕೊಳೇ ಒಂದ್ಕಡೆ,’ ಅಂದಳು ಮ್ಯಾತ್ಸ್ ಮಿಸ್. ‘ಇನ್‌ಸ್ಪೆಕ್ಷನ್ನಿಗೆ ಬಂದಂಗೆ ಆಡ್ತೀಯ.’

ಬೇಕರಿಯವನು ಹಾಸನದ ಕಡೆಯವನು, ಮೈಸೂರಿನ ಹೋಟೆಲೊಂದರಲ್ಲಿ ಕೆಲಸ ಮಾಡಿ ಕಲಿತು ಬಂದವನು. ನಮ್ಮ ಕಾಲೇಜಿನ ಮಕ್ಕಳು ಅವನ ಗಿರಾಕಿಗಳಾದ್ದರಿಂದ ನಮಗೆ ವಿಶೇಷ ಮರ್ಯಾದೆ. ಮೇಜನ್ನು ಎರಡು ಸಲ ಒರೆಸಿದ.

‘ಎಷ್ಟು ಮಾಡ್ಲಿ ಮೇಡಂ?’

‘ಒಬ್ಬೊಬ್ರಿಗೆ ಒಂದೊಂದು,’ ಅಂದಳು ಕಾಮರ್ಸ್ ಮಿಸ್.

‘ಇದು ದೋಸೆ ಥರ ಅಲ್ಲ ಮೇಡಂ. ದೊಡ್ದಿರುತ್ತೆ. ಒಂದು ತಗೊಂಡ್ರೆ ಮೂರು ಜನಕ್ಕೂ ಆಗುತ್ತೆ. ಹಂಚ್ಕೊಂಡು ತಿನ್ನೋದೇ ಇದ್ರ ಪದ್ಧತಿ.’

‘ಪರ್ವಾಗಿಲ್ಲ. ಒಂದೊಂದೇ ಕೊಡಿ.’

ಅವನು ನಮ್ಮ ಮುಖಗಳನ್ನೊಮ್ಮೆ ನೋಡಿದ. ಊರಿಗೆ ಹೊಸ ಪದಾರ್ಥ ತಂದವನಿಗೆ ಊರು ಅದನ್ನು ತಿನ್ನುವ ರೀತಿ ಇನ್ನೂ ಅರ್ಥವಾಗಿರಲಿಲ್ಲ ಅಂತ ಕಾಣುತ್ತದೆ. ನಮ್ಮ ಕಡೆ ಹೋಟೆಲಿಗೆ ಹೋದರೆ ಅವರವರ ತಟ್ಟೆ ಅವರವರಿಗೆ. ಗಂಡ ಹೆಂಡತಿ ಕೂಡ ಮಸಾಲೆ ದೋಸೆಯನ್ನು ಎರಡೇ ತರಿಸುತ್ತಾರೆ. ಒಂದು ತಟ್ಟೆಗೆ ಮೂರು ಕೈ ಹಾಕುವುದು ಮನೆಯಲ್ಲಿ ಮಕ್ಕಳು ಮಾತ್ರ. ಕಾಮರ್ಸ್ ಮಿಸ್ ಹೇಳಿದ್ದರಲ್ಲಿ ವಿಚಿತ್ರವೇನಿರಲಿಲ್ಲ. ಆದರೂ ನಾನು ಮೇಜಿನ ಮೇಲಿದ್ದ ಸಾಸ್ ಬಾಟಲಿಯ ಲೇಬಲ್ಲನ್ನು ಓದತೊಡಗಿದೆ. ಅದರಲ್ಲಿ ಹಾಕಿದ್ದ ಸಂರಕ್ಷಕದ ಹೆಸರು ನನಗೆ ಗೊತ್ತಿದ್ದುದೇ. ಮತ್ತೆ ಓದಿದೆ.

‘ಸರಿ, ಮೂರು,’ ಅಂದ ಅವನು. ‘ಒಲೆ ಚಿಕ್ಕದು ಮೇಡಂ, ಒಂದ್ಸಲಕ್ಕೆ ಒಂದೇ ಆಗೋದು. ಸ್ವಲ್ಪ ಟೈಮ್ ಆಗುತ್ತೆ.’

ಸಂಜೆ ನರಸೀಪುರದ ಬಸ್ಸು ಆರೂಕಾಲಿಗೆ. ಅದು ತಪ್ಪಿದರೆ ಮುಂದಿನದು ಬರುವ ನಂಬಿಕೆ ಇಲ್ಲ. ಅದಕ್ಕೆ ಮೊದಲು ದೊಡ್ಡಮ್ಮನ ಮನೆಗೆ ಹೋಗಿ ಬರಬೇಕು. ನಾನು ಗಡಿಯಾರ ನೋಡಿದೆ.

ಮೊದಲನೆಯದು ಬಂತು. ಅಗಲವಾದ ಸ್ಟೀಲ್ ತಟ್ಟೆಯ ತುಂಬ ಇತ್ತು. ಅಡಿಯ ರೊಟ್ಟಿ ಬನ್ನಿನಷ್ಟು ದಪ್ಪ. ಮೇಲೆ ಈರುಳ್ಳಿ, ದಪ್ಪ ಮೆಣಸಿನಕಾಯಿ, ತುರಿದ ಕ್ಯಾರೆಟ್ಟು, ಅವೆಲ್ಲದರ ಮೇಲೆ ಚೀಸು ಹರಿದು ಅಂಚಿನಲ್ಲಿ ಕಂದಾಗಿತ್ತು. ಕ್ಯಾರೆಟ್ ಯಾರ ಐಡಿಯಾವೋ. ವಾಸನೆ ಚೆನ್ನಾಗಿತ್ತು, ಖಾರದ ಬನ್ನು ಒಲೆಯಿಂದ ತೆಗೆದಾಗ ಬರುವ ವಾಸನೆಗೆ ಹಾಲಿನ ಕೆನೆ ಸೇರಿದ ಹಾಗೆ.

‘ನೀನು ಶುರು ಮಾಡು, ಮನೆ ನಿನ್ನ ದೊಡ್ಡಮ್ಮನದು,’ ಎಂದು ಮ್ಯಾತ್ಸ್ ಮಿಸ್ ತಟ್ಟೆಯನ್ನು ಕಾಮರ್ಸ್ ಮಿಸ್ ಕಡೆ ತಳ್ಳಿದಳು. ‘ಬೇಡ, ಇವಳಿಗೆ ಬಸ್ಸಿದೆ’ ಎಂದು ಅವಳು ನನ್ನ ಕಡೆ ತಳ್ಳಿದಳು. ‘ನೀನೇ ತಾನೆ ಹಸ್ಕೊಂಡಿರೋದು’ ಎಂದು ನಾನು ಮ್ಯಾತ್ಸ್ ಮಿಸ್ ಕಡೆ ತಳ್ಳಿದೆ. ಎರಡನೆಯದು ಇನ್ನೂ ಲಟ್ಟಣಿಗೆಯ ಕೆಳಗಿತ್ತು. ತಟ್ಟೆ ಮೇಜಿನ ಮೇಲೆ ಸುತ್ತುತ್ತಿತ್ತು, ಚೀಸು ಆರುತ್ತಿತ್ತು.

‘ಮೇಡಂ, ಬಿಸೀಲೇ ತಿನ್ಬೇಕು,’ ಎಂದು ಅವನು ಒಲೆಯ ಹತ್ತಿರದಿಂದ ಕೂಗಿದ. ‘ಆಮೇಲೆ ಚಕ್ಕಳ ಆಗುತ್ತೆ.’

ಮ್ಯಾತ್ಸ್ ಮಿಸ್ ತಡೆಯಲಾರದೆ ಒಂದು ಹೋಳು ಎತ್ತಲು ನೋಡಿದಳು. ಅದು ಬರಲಿಲ್ಲ. ಕತ್ತರಿಸುವ ಚಕ್ರ ದಪ್ಪ ರೊಟ್ಟಿಯ ಅರ್ಧಕ್ಕಷ್ಟೇ ಇಳಿದಿತ್ತು. ಅವಳು ಎತ್ತಿದಂತೆ ಇಡೀ ಪಿಜ್ಜಾ ತಟ್ಟೆಯಿಂದ ಎದ್ದು ಬಂತು.

‘ಅಯ್ಯೋ, ಹಿಡ್ಕೊಳ್ರೇ!’

ನಾನು ಕೈ ಚಾಚಿದೆ. ನಡುವೆ ನಿಲ್ಲಿಸಿದೆ. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಯೋಚಿಸುತ್ತಿದ್ದಾಗ ಕಾಮರ್ಸ್ ಮಿಸ್ ‘ಏನೇ ನೋಡ್ತಾ ಕೂತೆ, ಒತ್ತಿ ಹಿಡಿ’ ಅಂದಳು. ನಾನು ಒಂದು ಕಡೆ ಬೆರಳಿಂದ ಒತ್ತಿ ಹಿಡಿದೆ. ಅವಳು ಇನ್ನೊಂದು ಕಡೆಯಿಂದ ಎಳೆದಳು. ನನ್ನ ಬೆರಳ ಸಂದಿಯಿಂದ ಅವಳ ಬೆರಳವರೆಗೆ ಚೀಸಿನ ಎಳೆಗಳು ನಿಂತವು. ಅವಳು ಅವನ್ನು ಬೆರಳಿಗೆ ಸುತ್ತಿ ಬಾಯಿಗಿಟ್ಟುಕೊಂಡಳು, ಆಮೇಲೆ ಹೋಳಿನ ತುದಿ ಕಚ್ಚಿದಳು. ಅಗಿದಳು. ನುಂಗಿದಳು.

‘ಉಪ್ಪು ಕಮ್ಮಿ,’ ಅಂದಳು.

‘ಗಂಟ್ಲಲ್ಲಿ ಇಳೀತಾ?’ ಮ್ಯಾತ್ಸ್ ಮಿಸ್ ಕೇಳಿದಳು.

‘ಇಳೀತು ಕಣೇ, ಅಜ್ಜಿ ಸತ್ತು ಮೂರು ವರ್ಷ ಆಯ್ತು.’

ಇಬ್ಬರೂ ನಕ್ಕರು. ನಾನೂ ನಕ್ಕೆ. ಹಗುರವಾಗಬೇಕಿತ್ತು, ಆಗಲಿಲ್ಲ. ಒಂದೂವರೆ ವರ್ಷ ನೋಡುತ್ತ ಕೂತದ್ದು ಇಷ್ಟು ಸುಲಭವಾಗಿ ಮುಗಿದರೆ, ನೋಡಿದವಳದ್ದೇ ತಪ್ಪೇನೋ ಎನ್ನಿಸುತ್ತದೆ. ತಿನ್ನತೊಡಗಿದೆವು. ಹೋಳುಗಳನ್ನು ಒಬ್ಬರು ಹಿಡಿದು ಒಬ್ಬರು ಹರಿದು ತಿಂದೆವು. ಎರಡನೆಯದು ಬರುವ ಹೊತ್ತಿಗೆ ಹೊಟ್ಟೆ ತುಂಬಿತ್ತು. ಬೇಕರಿಯವನಿಗೆ ಗೊತ್ತಿತ್ತು ಅಂತ ಕಾಣುತ್ತದೆ, ಮೂರನೆಯದನ್ನು ಒಲೆಗೆ ಹಾಕಿರಲೇ ಇಲ್ಲ. ‘ಇದನ್ನ ಪಾರ್ಸೆಲ್ ಮಾಡ್ಲಾ?’ ಅಂದ.

‘ಮಾಡಿ. ದೊಡ್ಡಮ್ಮಂಗೆ ತಗೊಂಡು ಹೋಗೋಣ,’ ಅಂದಳು ಕಾಮರ್ಸ್ ಮಿಸ್.

ಅವನು ಕೇಕಿನ ಡಬ್ಬಿ ಹುಡುಕಲು ಒಳಗೆ ಹೋದ. ಅವಳು ಕರವಸ್ತ್ರದಲ್ಲಿ ಬೆರಳು ಒರೆಸಿಕೊಳ್ಳುತ್ತ, ನನ್ನನ್ನು ನೋಡದೆ ಹೇಳಿದಳು:

‘ದೊಡ್ಡಮ್ಮ ಹೋದ್ ವಾರ ಕೇಳಿದ್ರು. ನಿನ್ ಜೊತೆ ಬರೋ ಹುಡ್ಗೀರು ಯಾವ ಜನ ಅಂತ. ಇವಳು ಗೌಡ್ರು ಅಂದೆ. ನಿನ್ನ... ನಮ್ಮೋರೇ ಅಂತ ಹೇಳ್ಬಿಟ್ಟಿದೀನಿ.’

‘ನಿನಗೆ ಗೊತ್ತಿತ್ತಾ?’ ಎಂದು ಕೇಳಿದೆ.

‘ಏಪ್ರಿಲ್ ಹದಿನಾಲ್ಕರ ಮಾರನೇ ದಿನ ನೀನು ಪಾಯಸ ತಂದಿದ್ದೆ. ಮನೇಲಿ ಹಬ್ಬ ಅಂದೆ. ಯಾವ ಹಬ್ಬ ಅಂತ ನಾನು ಕೇಳ್ಲಿಲ್ಲ.’

‘ನಾನು ಆ ಪಾಯಸ ಎರಡು ಸಲ ಹಾಕಿಸ್ಕೊಂಡೆ,’ ಅಂದಳು ಮ್ಯಾತ್ಸ್ ಮಿಸ್. ‘ನಾವಿಬ್ರೂ ಮಾತಾಡ್ಕೊಂಡಿದ್ವಿ ಕಣೇ. ನಮ್ಗೇನೂ ಇಲ್ಲ. ನಮ್ಗೇನಾದ್ರೂ ಇದ್ರೆ ಹಿಂಗೆ ಕೂತು ತಿಂತಿದ್ವಾ?’

ಮಾತಾಡಿಕೊಂಡಿದ್ದರು. ನಾನು ಬಸ್ಸಿನಲ್ಲಿ ನಿಂತಿದ್ದ ಯಾವುದೋ ಸಂಜೆ, ಸ್ಟೇಷನ್ನಿನ ದಾರಿಯಲ್ಲಿ ನಡೆಯುತ್ತ, ನನ್ನ ಬಗ್ಗೆ, ಒಳ್ಳೆಯ ಮನಸ್ಸಿನಿಂದಲೇ. ಕೋಪ ಮಾಡಿಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ. ನನ್ನ ಕಾಲು ಮೇಜಿನ ಕೆಳಗೆ ತಾನಾಗಿ ಅಲ್ಲಾಡುತ್ತಿತ್ತು.

‘ಒಂದು ಮಾತು ಅಷ್ಟೆ,’ ಅಂದಳು ಕಾಮರ್ಸ್ ಮಿಸ್. ‘ಆಮೇಲೆ ಮೇಲ್ಗಡೆ ನಾವು ಮೂರೇ ಜನ. ದೊಡ್ಡಮ್ಮಂಗೆ ಮಂಡಿ ನೋವು, ಮೆಟ್ಲು ಹತ್ತೋದೇ ಇಲ್ಲ. ನೀನು ಏನೂ ಸುಳ್ಳು ಹೇಳ್ಬೇಕಾಗಿಲ್ಲ. ಸುಮ್ನೆ ಇದ್ರೆ ಸಾಕು. ನೀನು ಹೆಂಗೂ ಸುಮ್ನೇ ಇರ್ತೀಯಲ್ಲ.’

‘ನಮ್ಮಪ್ಪ ಅಮ್ಮ ಬಂದ್ರೆ?’

‘ಅವ್ರ್ಯಾಕೆ ಬರ್ತಾರೆ?’ ಎಂದ ಮ್ಯಾತ್ಸ್ ಮಿಸ್ ತಕ್ಷಣ ತುಟಿ ಕಚ್ಚಿದಳು. ಬೇಕರಿಯವನು ಡಬ್ಬಿಗೆ ದಾರ ಕಟ್ಟಿ ತಂದು ಮೇಜಿನ ಮೇಲಿಟ್ಟ. ‘ಹೆಂಗಿತ್ತು ಮೇಡಂ?’ ಅಂದ. ಮೂವರೂ ಒಟ್ಟಿಗೆ ಚೆನ್ನಾಗಿತ್ತು ಎಂದೆವು.

ದೊಡ್ಡಮ್ಮನ ಮನೆ ನಿಜಕ್ಕೂ ಹತ್ತಿರ. ಡಬ್ಬಿ ನನ್ನ ಕೈಯಲ್ಲಿತ್ತು. ಅಡಿಯಿಂದ ಬಿಸಿ ಹತ್ತುತ್ತಿತ್ತು, ಕೈ ಬದಲಿಸುತ್ತ ನಡೆದೆ. ಸುಮ್ಮನಿರಬೇಕು ಅಷ್ಟೇ, ಅದು ನನಗೆ ಬರುವ ಕೆಲಸ ಎಂದುಕೊಂಡೆ. ಅಪ್ಪನನ್ನೂ ನೆನೆಸಿಕೊಂಡೆ. ಅವರು ಸೋಸಲೆಯ ಎಲ್ಲ ಬೀದಿಗಳ ಎಲ್ಲ ಮನೆಗಳಿಗೂ ಹೋಗುತ್ತಾರೆ, ಮೀಟರ್ ಇರುವಷ್ಟು ದೂರ. ‘ಕಂಬ ಅತ್ತೋನ್ನ ಯಾರೂ ಏನೂ ಕೇಳಲ್ಲ ಕಣವ್ವ, ಕರೆಂಟ್ ಬರೋಗಂಟ’ ಎನ್ನುತ್ತಿದ್ದರು. ಮನೆ ಹಿಡಿದ ದಿನ ಅವರು ಬಂದೇ ಬರುತ್ತಾರೆ. ನನ್ನ ಕೋಣೆಗೆ ಒಂದು ಟ್ಯೂಬ್ ಲೈಟು, ಮೇಜಿನ ಹತ್ತಿರ ಒಂದು ಪ್ಲಗ್ಗು ಹಾಕಿಕೊಡುತ್ತೇನೆ ಎಂದು ವೈರು ಕೂಡ ತಂದಿಟ್ಟಿದ್ದರು.

ದೊಡ್ಡಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ದಪ್ಪ ದೇಹ, ಹಣೆಯಲ್ಲಿ ವಿಭೂತಿ, ಅದರ ನಡುವೆ ಕುಂಕುಮ, ನಗುವ ಮುಖ. ನನಗೆ ಅವರು ಇಷ್ಟವಾದರು. ಇದನ್ನು ಹೇಳದಿದ್ದರೆ ಮುಂದಿನದು ತಪ್ಪಾಗಿ ತಿಳಿಯುತ್ತದೆ.

‘ಬನ್ರವ್ವ ಬನ್ನಿ. ಬಿಸಿಲಲ್ಲಿ ಬಂದ್ರಿ. ಇದೇನ್ ತಂದಿದೀರಿ?’

‘ಪಿಜ್ಜಾ ದೊಡ್ಡಮ್ಮ. ಮೊಟ್ಟೆ ಇಲ್ಲ.’

‘ಟೀವೀಲಿ ಬರುತ್ತಲ್ಲ, ಎಳುದ್ರೆ ದಾರ ದಾರ ಬರುತ್ತಲ್ಲ, ಅದಾ?’ ಅವರು ನನ್ನ ಕೈಯಿಂದಲೇ ಡಬ್ಬಿ ತೆಗೆದುಕೊಂಡು ಸಂತೋಷದಿಂದ ಅಡುಗೆಮನೆಯ ಒಳಗಿಟ್ಟು ಬಂದರು. ಪಾನಕ ಕೊಟ್ಟರು. ಮಹಡಿ ನೋಡಿಕೊಂಡು ಬನ್ನಿ ಎಂದರು. ಹೋಗಿ ನೋಡಿದೆವು. ಒಳಕೋಣೆಗೆ ಪೂರ್ವಕ್ಕೊಂದು ಕಿಟಕಿ. ಬಾಗಿಲು ಹಾಕಿ, ಚಿಲಕ ಹಾಕಿ ತೆಗೆದು ನೋಡಿದೆ. ಎಣ್ಣೆ ಬಿಟ್ಟಿದ್ದರು, ಸದ್ದಿಲ್ಲದೆ ಸರಿಯಿತು.

ಕೆಳಗೆ ಬಂದಾಗ ದೊಡ್ಡಮ್ಮ ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

‘ಸೋಸಲೆ ಅಂದ್ಳು ಇವಳು. ಸೋಸಲೇಲಿ ನಮ್ಮೋರು ಯಾರ್ ಪೈಕಿ ನೀವು? ನಮ್ಮ ಯಜಮಾನ್ರ ಅತ್ತೆ ಮಗ್ಳನ್ನ ಆ ಕಡೆಗೇ ಕೊಟ್ಟಿರೋದು. ತಾಯಿ ಕಡೆ ಯಾವೂರು? ಯಾವ ಮಠಕ್ಕೆ ನಡ್ಕೋತೀರಿ?’

ಒಂದೂ ಕೆಟ್ಟ ಪ್ರಶ್ನೆಯಲ್ಲ. ನಮ್ಮ ಕಡೆ ಹೊಸಬರನ್ನು ಹತ್ತಿರ ಮಾಡಿಕೊಳ್ಳುವ ರೀತಿಯೇ ಅದು. ನಾಲ್ಕು ಪ್ರಶ್ನೆ ಕೇಳಿದರೆ ಎಲ್ಲೋ ಒಂದು ಕಡೆ ಸಂಬಂಧ ಸಿಕ್ಕೇ ಸಿಗುತ್ತದೆ. ‘ನಮ್ಮೋರೇ’ ಎಂಬ ಒಂದು ಮಾತು ಒಂದೇ ಆಗಿ ಉಳಿಯುವುದಿಲ್ಲ, ಅದಕ್ಕೆ ಅಜ್ಜಿ ತಾತ ಮಠ ಊರು ಎಲ್ಲ ಬೇಕು ಎಂಬುದು ಕಾಮರ್ಸ್ ಮಿಸ್‌ಗೆ ಹೇಗೆ ಹೊಳೆಯಲಿಲ್ಲವೋ.

‘ಅವ್ರು ಈಚೆಗೆ ಬಂದು ಸೇರ್ಕೊಂಡಿರೋರು ದೊಡ್ಡಮ್ಮ,’ ಎಂದು ಅವಳೇ ಉತ್ತರಿಸಿದಳು. ‘ಇವರಪ್ಪಂಗೆ ಟ್ರಾನ್ಸ್‌ಫರ್.’

‘ಹೌದಾ? ಮೊದ್ಲು ಎಲ್ಲಿದ್ರಿ ಹಂಗಾದ್ರೆ?’

ನನ್ನ ಅಪ್ಪ, ಅವರಪ್ಪ, ಅವರಪ್ಪನ ಅಪ್ಪ ಎಲ್ಲರೂ ಹುಟ್ಟಿದ್ದು ಸೋಸಲೆಯಲ್ಲೇ.

‘ಇಲ್ಲ ಅಮ್ಮ, ಸೋಸಲೆಯೋರೇ,’ ಎಂದೆ. ‘ಇವಳಿಗೆ ಸರಿಯಾಗಿ ಗೊತ್ತಿಲ್ಲ. ನಾವು ನಿಮ್ಮೋರಲ್ಲ. ಬೌದ್ಧರು.’

‘ಬೌದ್ಧರು ಅಂದ್ರೆ...’ ದೊಡ್ಡಮ್ಮ ನಿಜಕ್ಕೂ ಯೋಚಿಸಿದರು. ‘ಬೈಲುಕುಪ್ಪೇಲಿ ಇದಾರಲ್ಲ ಕೆಂಪು ಬಟ್ಟೆಯೋರು, ಆ ಥರಾನಾ? ನೋಡಿದ್ರೆ ಹಂಗೆ ಕಾಣಲ್ವಲ್ಲವ್ವ.’

ಮ್ಯಾತ್ಸ್ ಮಿಸ್‌ಗೆ ನಗು ಬಂತು, ಪಾನಕ ನೆತ್ತಿಗೆ ಹತ್ತಿತು.

‘ಅಲ್ಲ ಅಮ್ಮ. ಊರಿನೋರೇ. ಕೊನೇ ಬೀದಿಯೋರು.’

ಅವರಿಗೆ ಅರ್ಥವಾಯಿತು. ಮುಖದ ನಗು ಹೋಗಲಿಲ್ಲ, ಇದ್ದಲ್ಲೇ ಇತ್ತು. ‘ಓ, ಹೌದಾ. ಅದಕ್ಕೇನಂತೆ. ಓದಿದೀರಿ, ಕೆಲ್ಸದಲ್ಲಿದೀರಿ, ಒಳ್ಳೇದಾಯ್ತು,’ ಎಂದರು. ಸ್ವಲ್ಪ ಹೊತ್ತು ಫ್ಯಾನನ್ನು ನೋಡಿದರು. ‘ಮಹಡಿಗೆ ಸುಣ್ಣ ಬಣ್ಣ ಆಗ್ಬೇಕು ಕಣವ್ವ. ಯಜಮಾನ್ರೂ ಒಂದ್ಮಾತು ಹೇಳ್ಬೇಕು. ತಿಂಗ್ಳು ಕಳೀಲಿ, ಹೇಳಿ ಕಳಿಸ್ತೀನಿ.’

ಹೊರಡುವಾಗ ಕುಂಕುಮ ತಂದರು. ಮ್ಯಾತ್ಸ್ ಮಿಸ್ ಹಣೆಗೆ, ಕಾಮರ್ಸ್ ಮಿಸ್ ಹಣೆಗೆ ತಾವೇ ಬೆರಳಿಂದ ಇಟ್ಟರು. ನನ್ನ ಮುಂದೆ ಬಟ್ಟಲು ಹಿಡಿದು ‘ತಗೊಳವ್ವ’ ಎಂದರು. ತೆಗೆದುಕೊಳ್ಳುವುದೋ ಬಿಡುವುದೋ ಎಂದು ನಾನು ನಿಂತಿದ್ದಾಗ ಒಳಗೆ ಹೋಗಿ ಪಿಜ್ಜಾ ಡಬ್ಬಿಯನ್ನೂ ತಂದರು. ‘ಇದ್ರಲ್ಲಿ ಏನೇನ್ ಹಾಕಿರ್ತಾರೋ. ನಮ್ಗೆ ಒಗ್ಗಲ್ಲ. ನೀವು ಮಕ್ಳು ತಿನ್ಕೊಳಿ.’ ದಾರ ಬಿಚ್ಚಿರಲಿಲ್ಲ.

ಬೀದಿ ತಿರುಗಿದ ಮೇಲೆ ಕಾಮರ್ಸ್ ಮಿಸ್ ನಿಂತಳು.

‘ಯಾಕೆ ಹೇಳ್ದೆ? ನಾನು ಸಂಭಾಳಿಸ್ತಿದ್ನಲ್ಲ.’

‘ಎಷ್ಟು ದಿನ ಸಂಭಾಳಿಸ್ತಿದ್ದೆ?’

‘ನಿನ್ಗೋಸ್ಕರ ತಾನೆ ನಾನು ಸುಳ್ಳು ಹೇಳಿದ್ದು? ನಾಳೆ ನಮ್ಮನೇಗೆ ಫೋನ್ ಹೋಗುತ್ತೆ. ನಮ್ಮಪ್ಪ ನನ್ನ ಕೇಳ್ತಾರೆ, ನಿನ್ನಲ್ಲ.’

ಅವಳ ಕಣ್ಣಲ್ಲಿ ನೀರಿತ್ತು. ಅದು ಸಿಟ್ಟಿನದೋ ಬೇರೆಯದೋ ತಿಳಿಯಲಿಲ್ಲ. ರೈಲಿನ ಹೊತ್ತಾಯಿತೆಂದು ಮ್ಯಾತ್ಸ್ ಮಿಸ್ ನಮ್ಮಿಬ್ಬರ ಭುಜವನ್ನೂ ಒಮ್ಮೆ ಹಿಡಿದು ಹೊರಟಳು. ನಾವಿಬ್ಬರು ಬಸ್ ನಿಲ್ದಾಣಕ್ಕೆ ನಡೆದೆವು. ಛತ್ರದ ಕಡೆಯ ಬಸ್ಸು ನಿಂತಿತ್ತು, ಅವಳು ಹತ್ತಲಿಲ್ಲ. ನನ್ನ ಪಕ್ಕ ಕಲ್ಲಿನ ಬೆಂಚಿನ ಮೇಲೆ ಕೂತಳು. ಆ ಬಸ್ಸು ಹೋಯಿತು.

‘ನೀನಿಲ್ದೆ ನಾನೂ ಆ ಮನೆಗೆ ಹೋಗಲ್ಲ ಅಂತ ಹೇಳ್ಬೇಕು ಅನ್ಸುತ್ತೆ,’ ಅಂದಳು. ‘ಹೇಳಕ್ಕಾಗಲ್ಲ ಕಣೇ. ಅದೊಂದು ಬಿಟ್ರೆ ಬೇರೆ ಮನೆಗೆ ನಮ್ಮಪ್ಪ ಕಳ್ಸಲ್ಲ. ಮುಂದಿನ್ ವಾರ ಮತ್ತೆ ಯಾರೋ ನೋಡಕ್ಕೆ ಬರ್ತಿದಾರೆ.’

‘ಗೊತ್ತು. ನೀನು ಹೋಗು.’

‘ಸಿಟ್ಟಿಂದ ಹೇಳ್ತಿದೀಯಾ?’

‘ಇಲ್ಲ.’

ನಿಜವಾಗಿ ಇರಲಿಲ್ಲ. ಕೂತಲ್ಲಿ ಕೂರಲಾಗುತ್ತಿರಲಿಲ್ಲ ಅಷ್ಟೇ. ಬಸ್ಸು ಬಂತೋ ಎಂದು ಎರಡು ಮೂರು ಸಲ ಎದ್ದು ನೋಡಿದೆ. ಅವಳು ಡಬ್ಬಿಯ ದಾರ ಬಿಚ್ಚಿ, ಒಂದು ಹೋಳು ಹರಿದು, ಅಷ್ಟು ಜನರ ಎದುರಿಗೆ ಬೆಂಚಿನ ಮೇಲೆ ಕೂತು ತಿಂದಳು. ಹಸಿವಿತ್ತೆಂದು ತೋರಲಿಲ್ಲ. ಮತ್ತೆ ದಾರ ಕಟ್ಟಿ ಡಬ್ಬಿಯನ್ನು ನನ್ನ ಮಡಿಲಿಗಿಟ್ಟಳು.

ಮುಂದಿನ ತಿಂಗಳು ಅವರಿಬ್ಬರೂ ಆ ಮನೆಗೆ ಹೋದರು. ಹಾಲು ಉಕ್ಕಿಸುವ ದಿನ ನನ್ನನ್ನೂ ಕರೆದರು. ಬಸ್ಸಿದೆ ಎಂದೆ. ಸ್ಟಾಫ್ ರೂಮಿನ ಊಟ ಹಾಗೆಯೇ ಮುಂದುವರಿಯಿತು. ಕಾಮರ್ಸ್ ಮಿಸ್ ಚಮಚದಲ್ಲಿ ಬಡಿಸುವುದನ್ನು ಬಿಟ್ಟಳು, ನನ್ನ ಡಬ್ಬಿಗೆ ತಾನೇ ಕೈ ಹಾಕತೊಡಗಿದಳು. ಮ್ಯಾತ್ಸ್ ಮಿಸ್ ಅದಕ್ಕೆ ಚಪ್ಪಾಳೆ ಹೊಡೆದಳು. ನನಗೆ ಅದರಿಂದ ಸಂತೋಷವೂ ಆಗುತ್ತಿತ್ತು, ಪ್ರತಿಸಲ ಒಂದು ಕಿರಿಕಿರಿಯೂ.

ಆ ಶನಿವಾರ ಸಂಜೆ ಮನೆ ತಲುಪಿದಾಗ ಅಪ್ಪ ಆಗಷ್ಟೇ ಡ್ಯೂಟಿಯಿಂದ ಬಂದು ಕಾಲು ತೊಳೆಯುತ್ತಿದ್ದರು. ಅಮ್ಮ ಡಬ್ಬಿ ಬಿಚ್ಚಿದಳು.

‘ಇದೇನವ್ವ, ರೊಟ್ಟಿ ಮ್ಯಾಲೆ ಪಲ್ಯ ಸುರ್ದವ್ರೆ? ಒಂದ್ ತುಂಡು ಯಾರೋ ತಿಂದವ್ರೆ.’

‘ನನ್ನ ಫ್ರೆಂಡು.’

ಅದು ಆಗಲೇ ಬೇಕರಿಯವನು ಹೇಳಿದಂತೆ ಚಕ್ಕಳವಾಗಿತ್ತು. ಅಮ್ಮ ಕಾವಲಿಯ ಮೇಲೆ ಒಂದೊಂದೇ ಹೋಳಿಟ್ಟು ಬಿಸಿ ಮಾಡತೊಡಗಿದಳು. ಅಪ್ಪ ಚಾಪೆಯ ಮೇಲೆ ಕೂತರು. ಗೋಡೆಯ ಮೂಲೆಯಲ್ಲಿ ಅವರು ತಂದಿಟ್ಟ ವೈರಿನ ಸುರುಳಿ ಇತ್ತು.

‘ಮನೆ ಏನಾಯ್ತು?’ ಅಮ್ಮ ಬೆನ್ನು ಹಾಕಿಯೇ ಕೇಳಿದಳು.

‘ಸುಣ್ಣ ಬಣ್ಣ ಆಗ್ಬೇಕಂತೆ.’

ಅವಳ ಕೈ ನಿಂತಿತು. ಆಮೇಲೆ ಹೋಳನ್ನು ಮಗುಚಿದಳು. ಆ ಮಾತನ್ನು ಅವಳು ಮೊದಲ ಸಲ ಕೇಳುತ್ತಿರಲಿಲ್ಲ.

‘ಅವ್ರೇ ಕೇಳುದ್ರಾ, ನೀನೇ ಹೇಳ್ದಾ?’ ಎಂದರು ಅಪ್ಪ.

‘ನಾನೇ ಹೇಳ್ದೆ.’

‘ಸುಮ್ಕಿದ್ದಿದ್ರೆ ಏನಾಗ್ತಿತ್ತು ನಿಂಗೆ?’ ಅಮ್ಮ ತಿರುಗಿದಳು. ‘ದಿನಾ ಬಸ್ನಲ್ಲಿ ನಿಂತ್ಕಂಡು ಸಾಯದಾದ್ರೂ ತಪ್ತಿತ್ತು. ನಾವೇನ್ ದಿನಾ ಬಂದು ಅಲ್ಲಿ ಕುಂತ್ಕತಿದ್ವಾ?’

ಅಪ್ಪ ತಟ್ಟೆಯನ್ನು ನೋಡುತ್ತಿದ್ದರು. ಚೀಸಿನ ಎಳೆಯೊಂದು ಅವರ ಬೆರಳಿಗೆ ಅಂಟಿಕೊಂಡು ಬಿಡಲೊಲ್ಲದು. ಕೈ ಕೊಡವಿದಷ್ಟೂ ಉದ್ದವಾಗುತ್ತಿತ್ತು.

‘ಬರ್ಬೇಕಾಗಿತ್ತು,’ ಎಂದೆ. ‘ಟ್ಯೂಬ್ ಲೈಟ್ ಹಾಕ್ಕೊಡಕ್ಕೆ.’

ಅಮ್ಮ ಮುಂದಿನ ಹೋಳನ್ನು ನನ್ನ ತಟ್ಟೆಗೆ ಹಾಕಿದಳು, ಉಪ್ಪಿನ ಡಬ್ಬಿಯನ್ನು ನಡುವೆ ಇಟ್ಟಳು. ನಾನು ಕೂತಲ್ಲಿಂದ ಎದ್ದು ನಿಂತುಕೊಂಡೇ ತಿಂದೆ.